ಜೆನರಸ್ ಅಂದ್ರೆ ಕನ್ನಡದಲ್ಲಿ ಏನು?

ಹೋದ ತಿಂಗಳು ಒಂದು ಭಾನುವಾರ ಸಂಜೆ ಮಗಳು ವರ್ಕ್‌ಶೀಟ್ ಹಿಡ್ಕೊಂಡು ಬಂದಳು. ಮೂರನೇ ಕ್ಲಾಸು. ಐದು ಇಂಗ್ಲಿಷ್ ಪದ ಕೊಟ್ಟು, ಅದರ ಅರ್ಥವನ್ನ ಮನೆಮಾತಲ್ಲಿ ಬರೆದು, ಒಂದೊಂದು ಉದಾಹರಣೆ ಕೊಡಿ ಅಂತಿತ್ತು. ಆನೆಸ್ಟ್, ಬ್ರೇವ್, ಪೊಲೈಟ್ ಇವೆಲ್ಲ ಅವಳೇ ಮುಗಿಸಿದ್ದಳು. ಉಳಿದದ್ದು ಎರಡು: ಕೈಂಡ್, ಜೆನರಸ್.

"ಅಪ್ಪಾ, ಜೆನರಸ್ ಅಂದ್ರೆ ಕನ್ನಡದಲ್ಲಿ ಏನು?"

"ಉದಾರ" ಅಂದೆ.

"ಹಂಗಂದ್ರೆ?"

ಅಲ್ಲಿಗೆ ನಾನು ಸಿಕ್ಕಿಹಾಕಿಕೊಂಡೆ. ಉದಾರ ಅನ್ನೋದು ಎಂಟು ವರ್ಷದ ಮಗುವಿಗೆ ಜೆನರಸ್‌ಗಿಂತ ದೂರದ ಪದ. ಧಾರಾಳ ಅಂದೆ. ಅವಳಿಗೆ ಧಾರಾಳ ಅಂದ್ರೆ ಅಜ್ಜಿ ಮುದ್ದೆಗೆ ತುಪ್ಪ ಬಿಡೋ ರೀತಿ. ಕೊಡುಗೈ ಅಂದೆ. "ಕೊಡು, ಕೈ, ಎರಡು ಪದ ಅಪ್ಪಾ ಅದು, ಒಂದೇ ಬರೀಬೇಕು" ಅಂದಳು. ದೊಡ್ಡ ಮನಸ್ಸು ಅಂತ ಬರಿ ಅಂದೆ. ಅದೂ ಎರಡು ಪದ. ಕೊನೆಗೆ "ನೀನೇ ಯೋಚನೆ ಮಾಡು, ಆಮೇಲೆ ನೋಡೋಣ" ಅಂತ ಜಾರಿಕೊಂಡೆ. ಉದಾಹರಣೆಯ ಜಾಗದಲ್ಲಿ ಮಾತ್ರ ಅವಳು ಆಗಲೇ ಬರೆದುಬಿಟ್ಟಿದ್ದಳು: ನಮ್ಮಪ್ಪ ಸೆಕ್ಯೂರಿಟಿ ಅಂಕಲ್‌ಗೆ ದುಡ್ಡು ಕೊಟ್ಟರು.

ಅದನ್ನ ಓದಿದಾಗ ನನಗೆ ಖುಷಿ ಆಗಬೇಕಿತ್ತು. ಆಗಲಿಲ್ಲ. ಯಾಕೆ ಅಂತ ಹೇಳೋಕೇ ಇದನ್ನ ಬರೀತಿದೀನಿ. ಆದರೆ ಅದಕ್ಕೆ ಮುಂಚೆ ಸ್ವಲ್ಪ ಪದಗಳ ಹಿಂದೆ ಸುತ್ತಾಡಿಕೊಂಡು ಬರೋಣ. ಆವತ್ತು ರಾತ್ರಿ ನಾನು ಮಾಡಿದ್ದೂ ಅದನ್ನೇ. ಮನಸ್ಸು ಕೆಟ್ಟಾಗ ಕೆಲವರು ಸಿಗರೇಟ್ ಸೇದುತ್ತಾರೆ, ನಾನು ನಿಘಂಟು ತೆಗೀತೀನಿ.

ಜೆನರಸ್ ಅನ್ನೋದು ಲ್ಯಾಟಿನ್‌ನಿಂದ ಫ್ರೆಂಚ್ ದಾಟಿ ಇಂಗ್ಲಿಷ್‌ಗೆ ಬಂದಿದ್ದು. ಮೂಲದಲ್ಲಿ ಅದಕ್ಕೂ ಕೊಡೋದಕ್ಕೂ ಸಂಬಂಧವೇ ಇಲ್ಲ. 'ಜೆನೆರೋಸಸ್' ಅಂದರೆ ಒಳ್ಳೆ ಕುಲದಲ್ಲಿ ಹುಟ್ಟಿದವನು, ದೊಡ್ಡ ಮನೆತನದವನು. ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷ್‌ನಲ್ಲಿ ಜೆನರಸ್ ಅಂದರೆ ಇನ್ನೂ ಹೆಚ್ಚಾಗಿ ಇದೇ ಅರ್ಥ. ಒಳ್ಳೆ ತಳಿಯ ಕುದುರೆಗೂ ಅದೇ ಪದ ಹಾಕ್ತಿದ್ದರು. ಆಮೇಲೆ ನಿಧಾನಕ್ಕೆ ದೊಡ್ಡ ಕುಲದವನು ಹೋಗಿ ದೊಡ್ಡ ಕುಲದವನಿಗೆ ತಕ್ಕ ಗುಣದವನು ಅಂತಾಯ್ತು. ಅದೂ ಸವೆದು, 17ನೇ ಶತಮಾನದ ಹೊತ್ತಿಗೆ ಕೈಬಿಚ್ಚಿ ಕೊಡುವವನು ಅನ್ನೋ ಅರ್ಥ ನಿಂತಿತು. ಅಂದರೆ ಮೊದಲು ಯಾರು ಅನ್ನೋದು, ಆಮೇಲೆ ಹೇಗೆ ಅನ್ನೋದು, ಕೊನೆಗೆ ಎಷ್ಟು ಅನ್ನೋದು.

ಇನ್ನೂ ಒಂದು ಮಾತಿದೆ, ಅದನ್ನ ಓದಿ ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ. ಆ 'ಜೆನ್' ಅನ್ನೋ ಬೇರು, ನಮ್ಮ ಸಂಸ್ಕೃತದ 'ಜನ್' ಅನ್ನೋ ಬೇರು, ಎರಡೂ ಒಂದೇ ಹಳೇ ಮೂಲದಿಂದ ಬಂದವು. ಅಂದರೆ ಜೆನರಸ್ ಅನ್ನೋ ಪದಕ್ಕೆ ನಮ್ಮ ಕಡೆಯ ದಾಯಾದಿಗಳು ಯಾರು ಅಂದ್ರೆ ಜನ, ಜನ್ಮ, ಮತ್ತೆ, ಹೌದು, ಜಾತಿ. ಕೈಂಡ್, ಜೆಂಟಲ್ ಕೂಡ ಅದೇ ವಂಶದವು. ಕೈಂಡ್ ಅಂದ್ರೆ ಮೊದಲು ನಮ್ಮವರು, ರಕ್ತ ಸಂಬಂಧಿಗಳು. ನಮ್ಮವರ ಜೊತೆ ನಡ್ಕೊಳ್ಳೋ ಹಾಗೆ ಬೇರೆಯವರ ಜೊತೆ ನಡ್ಕೊಂಡರೆ ಅದು ಕೈಂಡ್. ಮೇಲಿನವನು ಕೆಳಗಿನವನಿಗೆ ಮಾಡಿದರೆ ಅದು ಜೆನರಸ್. ಮಗಳ ವರ್ಕ್‌ಶೀಟಲ್ಲಿ ಅಕ್ಕಪಕ್ಕ ಕೂತಿರೋ ಎರಡು ಪದಗಳ ನಡುವೆ ಇಷ್ಟು ಉದ್ದದ ಮೆಟ್ಟಿಲಿದೆ ಅಂತ ನನಗೆ ಗೊತ್ತಿರಲಿಲ್ಲ.

ಇಂಗ್ಲಿಷ್‌ನವರನ್ನ ಬೈಯೋದು ಬೇಡ. ನಮ್ಮ 'ಉದಾರ'ವನ್ನೇ ತಗೊಳ್ಳಿ. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಎತ್ತರದ್ದು, ಉನ್ನತವಾದದ್ದು. ಅದೂ ಮೇಲಿಂದಲೇ ಬಂದದ್ದು. ಲಿಬರಲ್ ಅಂದರೆ ಗುಲಾಮನಲ್ಲದ, ಸ್ವತಂತ್ರ ಮನುಷ್ಯನಿಗೆ ತಕ್ಕದ್ದು. ಮ್ಯಾಗ್ನಾನಿಮಸ್ ಅಂದರೆ ಅಕ್ಷರಶಃ ನಮ್ಮ ದೊಡ್ಡ ಮನಸ್ಸು, ಇನ್ನೂ ಸಂಸ್ಕೃತ ಮಾಡಿದರೆ ಮಹಾತ್ಮ. ನಮ್ಮೂರಲ್ಲಿ 'ದೊಡ್ಡ ಮನುಷ್ಯ' ಅಂದರೆ ಜಮೀನು ಜಾಸ್ತಿ ಇರೋನು ಅಂತಲೂ ಹೌದು, ಒಳ್ಳೆಯವನು ಅಂತಲೂ ಹೌದು. ಯಾವುದು ಅಂತ ಹೇಳುವವರ ಮುಖ ನೋಡಿ ತಿಳ್ಕೋಬೇಕು.

ಈಗ ಆಫೀಸಿಗೆ ಬನ್ನಿ. ನಮ್ಮ ಲೋಕದಲ್ಲಿ ಜೆನರಸ್ ಅನ್ನೋ ಪದ ದಿನಕ್ಕೆ ನಾಲ್ಕು ಸಲ ಕೇಳುತ್ತೆ. ಎಸ್ಟಿಮೇಟ್ ಸ್ವಲ್ಪ ಜೆನರಸ್ ಆಯ್ತಲ್ವಾ ಅಂದರೆ ಸುಮ್ಮನೆ ಎರಡು ದಿನ ಸೇರಿಸಿದ್ದೀಯ ಅಂತ. ಜೆನರಸ್ ರೇಟಿಂಗ್ ಅಂದರೆ ನಿನ್ನ ಯೋಗ್ಯತೆಗಿಂತ ಜಾಸ್ತಿ ಅಂತ. ಜನರನ್ನ ಮನೆಗೆ ಕಳಿಸುವಾಗ ಕೊಡೋದು ಜೆನರಸ್ ಸೆವರೆನ್ಸ್. ಟೀಮ್ ಲಂಚ್‌ಗೆ ಬಜೆಟ್ ಜೆನರಸ್ ಇದ್ದರೆ ನಮ್ಮ ಮ್ಯಾನೇಜರ್ ಎರಡೆರಡು ಸಲ ಡೆಸರ್ಟ್ ತರಿಸ್ತಾರೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಈ ಎಲ್ಲದರಲ್ಲೂ ಒಂದು ಅಳತೆ ಅಡಗಿ ಕೂತಿದೆ ನೋಡಿ: ಸಲ್ಲಬೇಕಾದ್ದು ಇಷ್ಟು, ಕೊಟ್ಟದ್ದು ಅದಕ್ಕಿಂತ ಜಾಸ್ತಿ. ಸಲ್ಲಬೇಕಾದ್ದು ಎಷ್ಟು ಅಂತ ತೀರ್ಮಾನ ಮಾಡೋನು ಮಾತ್ರ ಯಾವಾಗಲೂ ಕೊಡೋನೇ.

ಹಾಗಾದರೆ 'ಅಳತೆಗಿಂತ ಜಾಸ್ತಿ' ಅನ್ನೋದಕ್ಕೆ ಮೇಲು ಕೀಳು ಇಲ್ಲದ ಪದ ನಮ್ಮಲ್ಲಿ ಇಲ್ಲವಾ? ಇದೆ. ಕೊಸರು. ಕೆ.ಆರ್. ಪುರದ ಮಾರ್ಕೆಟ್ಟಿಗೆ ಬಂದು ನೋಡಿ. ಒಂದು ಕೆಜಿ ಟೊಮ್ಯಾಟೊ ತೂಗಿ, ತಕ್ಕಡಿ ಇಳಿಸಿದ ಮೇಲೆ ಇನ್ನೊಂದು ಟೊಮ್ಯಾಟೊ ಎತ್ತಿ ಚೀಲಕ್ಕೆ ಹಾಕ್ತಾಳೆ ಆ ಅಮ್ಮ. ಹಾಕದಿದ್ದರೆ ನಾವೇ "ಕೊಸರು ಹಾಕಮ್ಮ" ಅಂತೀವಿ. ಸೊಪ್ಪಿನ ಜೊತೆ ಎರಡೆಸಳು ಕರಿಬೇವು. ಅದಕ್ಕೆ ಯಾರೂ ಥ್ಯಾಂಕ್ಸ್ ಹೇಳಲ್ಲ, ಅವಳೂ ನಿರೀಕ್ಷೆ ಮಾಡಲ್ಲ. ಅದು ದಾನವಲ್ಲ, ಅದು ವ್ಯಾಪಾರವೂ ಅಲ್ಲ. ನಾಳೆ ಮತ್ತೆ ಬಾ ಅನ್ನೋ ಲೆಕ್ಕಾಚಾರ ಅದರಲ್ಲಿ ಇರಬಹುದು, ಇರಲಿ. ಆದರೆ ಕೊಸರು ಹಾಕಿಸಿಕೊಂಡು ತಲೆ ತಗ್ಗಿಸಿದವರನ್ನ ನಾನು ನೋಡಿಲ್ಲ. ಆ್ಯಪ್‌ನಲ್ಲಿ ತರಿಸಿದ ಟೊಮ್ಯಾಟೊ ತೂಕಕ್ಕೆ ಸರಿಯಾಗಿ ಇರುತ್ತೆ, ಕೊಸರು ಇರಲ್ಲ. ಅದರ ಬದಲು ತಂದುಕೊಟ್ಟ ಹುಡುಗನಿಗೆ ಟಿಪ್ ಕೊಡಿ ಅಂತ 20, 30, 50ರ ಗುಂಡಿಗಳಿರುತ್ತವೆ. ಕೊಸರು ದಿಕ್ಕು ಬದಲಿಸಿ ಟಿಪ್ ಆಗಿದೆ. ಮಾರುವವನಿಂದ ನಮಗೆ ಬರ್ತಿದ್ದದ್ದು ಈಗ ನಮ್ಮಿಂದ ಕೆಳಕ್ಕೆ ಹೋಗುತ್ತೆ, ನಾವು ಒಂದು ಬೆರಳಲ್ಲಿ ಜೆನರಸ್ ಆಗ್ತೀವಿ.

ನಮ್ಮೂರು ಗುಬ್ಬಿ ತಾಲ್ಲೂಕು. 2007ರಲ್ಲಿ ಸಿಇಟಿಯಲ್ಲಿ ತುಮಕೂರಿನ ಕಾಲೇಜೊಂದರಲ್ಲಿ ನನಗೆ ಸೀಟು ಸಿಕ್ಕಾಗ ಮನೆಯಲ್ಲಿ ಫೀಸಿಗೆ ದುಡ್ಡಿರಲಿಲ್ಲ. ಆ ವರ್ಷ ಕೊಬ್ಬರಿ ಮಾರಿದ ದುಡ್ಡು ಬೋರ್‌ವೆಲ್‌ಗೆ ಹೋಗಿತ್ತು, ಬೋರ್‌ವೆಲ್‌ನಲ್ಲಿ ನೀರು ಬಂದಿರಲಿಲ್ಲ. ಊರಿನ ದೊಡ್ಡ ಮನುಷ್ಯರೊಬ್ಬರು ಅಪ್ಪನನ್ನ ಕರೆದು 15,000 ಕೊಟ್ಟರು. "ವಾಪಸ್ ಬ್ಯಾಡ ಕಣಯ್ಯ, ಹುಡುಗ ಓದ್ಲಿ" ಅಂದರು. ಒಳ್ಳೆ ಮಾತು, ಒಳ್ಳೆ ಕೆಲಸ. ಆ ದುಡ್ಡಿಲ್ಲದಿದ್ದರೆ ನಾನಿವತ್ತು ಇಲ್ಲಿ ಕೂತು ನಿಘಂಟು ತೆಗೀತಿರಲಿಲ್ಲ, ಇದನ್ನ ನಾನು ಯಾವತ್ತೂ ಮರೆಯಲ್ಲ.

ಮರೆಯೋಕೆ ಅವರೂ ಬಿಡಲಿಲ್ಲ. ಟೀ ಅಂಗಡಿಯಲ್ಲಿ, ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ನಾನು ಕಂಡಾಗಲೆಲ್ಲ ಪಕ್ಕದವರಿಗೆ ಪರಿಚಯ ಮಾಡಿಸೋರು: "ಇವ್ನು ನನ್ ದುಡ್ಡಲ್ಲಿ ಓದ್ತಾವ್ನೆ." ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಿಜವಾಗಲೂ ಹೆಮ್ಮೆಯಿಂದ ಹೇಳೋರು. ನಾನು ಹಲ್ಲು ಕಿರಿದು ನಿಲ್ತಿದ್ದೆ. ಎರಡನೇ ವರ್ಷದಿಂದ ಊರಿಗೆ ಹೋದಾಗ ಟೀ ಅಂಗಡಿ ರಸ್ತೆ ಬಿಟ್ಟು ತೋಟದ ಕಡೆಯಿಂದ ಸುತ್ತಿ ಮನೆಗೆ ಹೋಗೋಕೆ ಶುರು ಮಾಡಿದೆ. ಕೆಲಸ ಸಿಕ್ಕಿದ ಮೇಲೆ ಮೂರನೇ ತಿಂಗಳ ಸಂಬಳದಲ್ಲಿ 15,000 ತಗೊಂಡು ಅವರ ಮನೆಗೆ ಹೋದೆ. ತಗೊಳ್ಳಲಿಲ್ಲ. "ನಿನ್ನತ್ರ ಇಸ್ಕೊಂಡ್ರೆ ನಾನು ಕೊಟ್ಟಿದ್ದು ಏನಾಯ್ತು?" ಅಂದರು. ಹೊರಗಿಂದ ನೋಡಿದರೆ ಅದು ಇನ್ನೂ ದೊಡ್ಡ ಔದಾರ್ಯ. ಆವತ್ತು ವಾಪಸ್ ಬರುವಾಗ ನನಗೆ ಅಳು ಬಂತು, ಕೃತಜ್ಞತೆಯಿಂದ ಅಲ್ಲ.

ಅದೇ ಕಾಲದಲ್ಲಿ ಪಕ್ಕದ ಮನೆ ದೊಡ್ಡಮ್ಮ ಒಬ್ಬರಿದ್ದರು. ನಾನು ಹಾಸ್ಟೆಲಿಗೆ ಹೊರಡುವಾಗಲೆಲ್ಲ ಹುರಿಗಾಳು, ಚಟ್ನಿಪುಡಿ ಕಟ್ಟಿಕೊಡೋರು. "ನಮ್ಮನೇಲಿ ಜಾಸ್ತಿ ಮಾಡಿದ್ದೆ, ಕೆಟ್ಟೋಗುತ್ತೆ, ತಗೊಂಡೋಗು" ಅನ್ನೋರು. ನಾಲ್ಕು ವರ್ಷ ಅವರ ಮನೆಯಲ್ಲಿ ಪ್ರತಿ ತಿಂಗಳೂ ಚಟ್ನಿಪುಡಿ ಜಾಸ್ತಿಯಾಗ್ತಿತ್ತು ಅಂತ ನಾನು ನಂಬಿದ್ದೆ. ಅದು ಸುಳ್ಳು ಅಂತ ಹೊಳೆದದ್ದು ಮದುವೆಯಾದ ಮೇಲೆ, ಹೆಂಡತಿ ಜೊತೆ ಕೂತು ತಿಂಗಳ ಸಾಮಾನಿನ ಪಟ್ಟಿ ಬರೆಯುವಾಗ. ಅವರು ಹಾಕಿದ್ದು ಕೊಸರು.

ಇಲ್ಲಿ ಮುಯ್ಯಿ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೀತಾರೆ. ಯಾರು ಎಷ್ಟು ಹಾಕಿದರು, ಪುಸ್ತಕದಲ್ಲಿ ಹೆಸರು, ಊರು, ದುಡ್ಡು. ಅಪ್ಪನ ಹತ್ತಿರ ಅಂಥ ಮೂರು ನೋಟ್‌ಬುಕ್ ಇವೆ. ಯಾರದ್ದಾದರೂ ಮದುವೆ ಬಂದರೆ ಹಾಳೆ ತಿರುವಿ ನೋಡ್ತಾರೆ. ಅವರು 101 ಹಾಕಿದ್ದರೆ ಇವರು ಕಾಲ ನೋಡಿಕೊಂಡು ಸ್ವಲ್ಪ ಮೇಲೆ ಹಾಕ್ತಾರೆ. ಇಂಜಿನಿಯರಿಂಗ್ ಓದುವಾಗ ನನಗೆ ಇದು ತೀರಾ ಸಣ್ಣತನ ಅನ್ನಿಸ್ತಿತ್ತು. ಉಡುಗೊರೆಗೂ ಲೆಕ್ಕವಾ? ಈಗ ಹಾಗನ್ನಿಸಲ್ಲ. ಮುಯ್ಯಿ ಪುಸ್ತಕದಲ್ಲಿ ಯಾರೂ ಪರ್ಮನೆಂಟಾಗಿ ಕೊಡೋರಲ್ಲ, ಯಾರೂ ಪರ್ಮನೆಂಟಾಗಿ ಇಸ್ಕೊಳ್ಳೋರಲ್ಲ. ಇವತ್ತು ನಿನ್ನ ಮನೆ, ನಾಳೆ ನನ್ನ ಮನೆ. ತೀರಿಸೋಕೆ ಅವಕಾಶ ಇರೋದೇ ಅದರ ಮರ್ಯಾದೆ. ಊರಿನ ಆ ದೊಡ್ಡವರು ನನ್ನಿಂದ ಕಿತ್ತುಕೊಂಡದ್ದು ಅದನ್ನ.

ನಮ್ಮ ಕಸುಬಿನಲ್ಲಿ ಇದಕ್ಕೆ ಹತ್ತಿರದ ಒಂದು ಮಾತಿದೆ. ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲಿ ಪ್ರೋಟೊಕಾಲ್ ಬರೆಯುವವರಿಗೆ ಒಂದು ನಿಯಮ ಹಾಕಿಕೊಟ್ಟರು. ಕಳಿಸುವಾಗ ನೀನು ಶಿಸ್ತಾಗಿರಬೇಕು, ಇನ್ನೊಬ್ಬರಿಂದ ಬಂದದ್ದು ಸ್ವಲ್ಪ ಸೊಟ್ಟಗಿದ್ದರೂ ಲಿಬರಲ್ ಆಗಿ ಸ್ವೀಕರಿಸಬೇಕು ಅಂತ ಅದರ ಭಾವ. ಧಾರಾಳತನ ಅಂದಕೂಡಲೇ ನಾವೆಲ್ಲ ಕೊಡೋ ಕೈ ನೋಡ್ತೀವಿ. ಪೋಸ್ಟೆಲ್ ಅದನ್ನ ತಗೊಳ್ಳೋ ಕಡೆ ಇಟ್ಟರು. ಆ 15,000 ವಾಪಸ್ ತಗೊಂಡಿದ್ದರೆ ಆ ಯಜಮಾನರು ನನಗೆ ಎರಡನೇ ಸಲ ಕೊಟ್ಟ ಹಾಗಾಗ್ತಿತ್ತು.

ಕೆ.ಆರ್. ಪುರದಿಂದ ಹೊಸಕೋಟೆ ಕಡೆಗೆ ಹಳೇ ಮದ್ರಾಸ್ ರಸ್ತೆಯಲ್ಲಿ ಹೋದರೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸಿಗುತ್ತೆ. ನಮ್ಮ ಕ್ಯಾಬ್‌ಗಳೆಲ್ಲ ಅದರ ಪಕ್ಕದಲ್ಲೇ ಓಡಾಡ್ತವೆ, ಕಿಟಕಿ ಏರಿಸಿಕೊಂಡು. ಎಲೆ ಅಂದರೆ ವೀಳ್ಯದೆಲೆ. ಮಲ್ಲಪ್ಪ ಶೆಟ್ಟರು 19ನೇ ಶತಮಾನದ ಎಲೆ ವ್ಯಾಪಾರಿ. ಎಲೆ ಮಾರಿ ಗಳಿಸಿದ ದುಡ್ಡಲ್ಲಿ ಈ ಕೆರೆ ಕಟ್ಟಿಸಿದರು. ಕೆರೆ ಅನ್ನೋದು ವಿಚಿತ್ರವಾದ ಕೊಡುಗೆ ನೋಡಿ. ನೀರು ತಗೊಂಡು ಹೋಗೋಳು ಯಾರು, ಎಮ್ಮೆ ಮೈ ತೊಳೆಯೋನು ಯಾರು, ಕೊಟ್ಟವರಿಗೆ ಗೊತ್ತಿರಲ್ಲ. ಕೊಟ್ಟವರ ಎದುರು ಯಾರೂ ಕೈಕಟ್ಟಿ ನಿಲ್ಲಬೇಕಿಲ್ಲ. ಹಳೇ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೂ ನೋಡಿಕೊಂಡವರಿಗೂ ಬಿಟ್ಟ ಭೂಮಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಅಂತ ಬೇರೆ ಬೇರೆ ಹೆಸರೇ ಇದ್ದವು. ಕೊಟ್ಟು ಕೈತೊಳೆದುಕೊಳ್ಳೋ ವ್ಯವಹಾರವಲ್ಲ ಅದು, ಹೂಳೆತ್ತೋಕೂ ಏರ್ಪಾಡು ಆಗಬೇಕು. ಈಗ ಆ ಕೆರೆಗೆ ಸುತ್ತಲಿನ ಬಡಾವಣೆಗಳು ಏನು ಕೊಡ್ತಿವೆ ಅನ್ನೋದು ಕಿಟಕಿ ಯಾಕೆ ಏರಿಸ್ತೀವಿ ಅನ್ನೋದರಲ್ಲೇ ಇದೆ.

ನಮ್ಮ ಗುಬ್ಬಿಯವರದ್ದೇ ಇನ್ನೊಂದು. ಮೆಜೆಸ್ಟಿಕ್ಕಿನಲ್ಲಿ ರೈಲ್ವೇ ಸ್ಟೇಷನ್ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರ, 1903ರಲ್ಲಿ ಶುರುವಾದದ್ದು. ಊರಿಂದ ಬಂದವರಿಗೆ ತಂಗೋಕೆ ಜಾಗ, ಓದೋ ಹುಡುಗರಿಗೆ ಹಾಸ್ಟೆಲ್. ಅಪ್ಪ ಬೆಂಗಳೂರಿಗೆ ಬಂದಾಗಲೆಲ್ಲ ಬಸ್ಸಿನಿಂದ ಅದನ್ನ ತೋರಿಸಿ "ನಮ್ಮೂರೋರ್ದು" ಅಂತಾರೆ, ತಾವೇ ಕಟ್ಟಿಸಿದ ಹಾಗೆ. ಹೆಸರು ಹಾಕಿಸಿಕೊಳ್ಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ತೋಟದಪ್ಪನವರ ಹೆಸರೂ ಗೋಡೆ ಮೇಲಿದೆ, ಮಲ್ಲಪ್ಪ ಶೆಟ್ಟರ ಹೆಸರೂ ಕೆರೆ ಮೇಲಿದೆ. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸಿ ಬರೆಸಿ ಬೆಳಕೇ ಬರದ ಹಾಗೆ ಮಾಡೋರೂ ನಮ್ಮಲ್ಲಿದ್ದಾರೆ, ಇರಲಿ. ಕೊಟ್ಟವರ ಹೆಸರು ಬರೆದರೆ ಬೆಳಕು ಕಮ್ಮಿಯಾಗುತ್ತೆ ಅಷ್ಟೆ. ಇಸ್ಕೊಂಡವರ ಹೆಸರು ಬರೆದರೆ? ನಾನು ಮಾಡಿದ್ದು ಅದು.

ನಮ್ಮ ಅಪಾರ್ಟ್‌ಮೆಂಟ್ ದೂರವಾಣಿನಗರದ ಆಚೆ. 96 ಫ್ಲ್ಯಾಟ್, ಎರಡು ಶಿಫ್ಟ್ ಸೇರಿ ಎಂಟು ಜನ ಸೆಕ್ಯೂರಿಟಿ. ಅದರಲ್ಲಿ ರಾಯಚೂರು ಕಡೆಯ ಅಣ್ಣ ಒಬ್ಬರಿದ್ದರು, ನಲವತ್ತೈದರ ಆಸುಪಾಸು. ರಾತ್ರಿ ಶಿಫ್ಟ್ ಮುಗಿಸಿ ಬೆಳಿಗ್ಗೆ ಮಕ್ಕಳನ್ನ ಸ್ಕೂಲ್ ವ್ಯಾನ್ ಹತ್ತಿಸಿಯೇ ಮಲಗೋಕೆ ಹೋಗೋರು. ನನ್ನ ಮಗಳಿಗೆ ತುಂಬಾ ಇಷ್ಟ. ಎರಡು ವರ್ಷದ ಹಿಂದೆ ಅವರ ಮಗಳು ಎಸ್ಸೆಸ್ಸೆಲ್ಸಿಯಲ್ಲಿ 91 ಪರ್ಸೆಂಟ್ ತಗೊಂಡಳು. ಒಂದು ರಾತ್ರಿ ನಾನು ಆಫೀಸಿಂದ ಬರುವಾಗ ಗೇಟ್ ಹತ್ತಿರ ತಡೆದು, ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದರು: "ಸರ, ಮಗಳ ಪಿಯುಸಿ ಫೀಸ್ 31,000 ಐತ್ರಿ. ಒಂದ್ ಹತ್ತು ಸಾವಿರ ಸಾಲ ಕೊಡ್ತೀರೇನ್ರಿ? ತಿಂಗಳಾ ಸಾವಿರ ಸಾವಿರ ಮುಟ್ಟಸ್ತೀನ್ರಿ." ಫೋನಲ್ಲಿ ಮಾರ್ಕ್ಸ್ ಕಾರ್ಡಿನ ಫೋಟೋ ತೋರಿಸಿದರು. ನನಗೆ ಕಳಿಸಿ ಅಂದೆ, ಕಳಿಸಿದರು.

ಅವರು ಕೇಳಿದ್ದು ಹತ್ತು ಸಾವಿರ, ಅದೂ ಸಾಲ. ನನ್ನ ಕಿವಿಗೆ ಬಿದ್ದದ್ದು ಮಾತ್ರ 31,000. ಸಾಲ ಅನ್ನೋ ಪದ ಕಿವಿಯಲ್ಲೇ ಉದುರಿಹೋಯ್ತು. ಮನೆಗೆ ಬಂದು, ಊಟ ಮಾಡಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಇಂಗ್ಲಿಷ್‌ನಲ್ಲಿ ಒಂದು ಮೆಸೇಜ್ ಬರೆದೆ. ಅವರ ಹೆಸರು, ಮಗಳ ಹೆಸರು, ಮಾರ್ಕ್ಸ್ ಕಾರ್ಡಿನ ಫೋಟೋ, ಕೊನೆಗೆ ನನ್ನ ಯುಪಿಐ ನಂಬರ್. ಚೆನ್ನಾಗೇ ಬರೆದಿದ್ದೆ. ನಾನೂ ಹಳ್ಳಿಯಿಂದ ಯಾರದೋ ಸಹಾಯದಲ್ಲಿ ಓದಿ ಬಂದವನು ಅಂತ ಒಂದು ಸಾಲೂ ಸೇರಿಸಿದ್ದೆ. ಬೆಳಗಾಗೋ ಹೊತ್ತಿಗೆ 43,500 ಬಂದಿತ್ತು. ಹಾರ್ಟುಗಳು, ಕೈಮುಗಿಯೋ ಇಮೋಜಿಗಳು. "ಸೋ ಜೆನರಸ್ ಆಫ್ ಯು" ಅಂತ ಮೂವರು ಬರೆದಿದ್ದರು. ನಾನು ಅದನ್ನ ಎರಡೆರಡು ಸಲ ಓದಿದೆ, ಸುಳ್ಳು ಯಾಕೆ ಹೇಳಲಿ.

ಕಾಲೇಜಿಗೆ ಫೀಸ್ ಕಟ್ಟಿದೆವು. ಆ ಅಣ್ಣ ಕೈಮುಗಿದರು. ಆಮೇಲಿನ ವಾರಗಳಲ್ಲಿ ನಡೆದದ್ದು ಸಣ್ಣ ಸಣ್ಣದು. ಒಬ್ಬರು ಲಿಫ್ಟಲ್ಲಿ "ಮಗಳು ಸರಿಯಾಗಿ ಓದ್ತಿದಾಳಾ? ಓದ್ಬೇಕು ಹೇಳು" ಅಂದರಂತೆ. ಇನ್ನೊಬ್ಬರು ಹೊಸ ಫೋನ್ ನೋಡಿ "ಇದಕ್ಕೆ ದುಡ್ಡೆಲ್ಲಿಂದ ಬಂತು?" ಅಂತ ಕೇಳಿದರಂತೆ. ಅದು ಅವರ ತಮ್ಮ ಕೊಟ್ಟ ಹಳೇ ಫೋನು. ಯಾವುದೋ ಫ್ಲ್ಯಾಟಿನ ಹುಡುಗ ಗೇಟ್ ಲೇಟಾಗಿ ತೆಗೆದಿದ್ದಕ್ಕೆ "ನಾವೇ ನಿನ್ನ ಮಗಳ ಫೀಸ್ ಕಟ್ಟಿದ್ದು" ಅಂದನಂತೆ. ಇದನ್ನೆಲ್ಲ ಹೇಳಿದ್ದು ಇನ್ನೊಬ್ಬ ಸೆಕ್ಯೂರಿಟಿ. ಈ ಅಣ್ಣ ಏನೂ ಹೇಳಲಿಲ್ಲ. ನನ್ನ ಗಾಡಿ ಬಂದರೆ ಗೇಟ್ ತೆಗೆದು, ಫೋನ್ ಬಂದ ಹಾಗೆ ಆ ಕಡೆ ತಿರುಗಿಬಿಡೋರು. ತೋಟದ ಕಡೆಯಿಂದ ಸುತ್ತಿ ಹೋಗೋಕೆ ಅವರಿಗೆ ಬೇರೆ ದಾರಿ ಇರಲಿಲ್ಲ, ನಿಲ್ಲಬೇಕಾದ್ದೇ ಗೇಟಲ್ಲಿ. ಮೂರು ತಿಂಗಳಿಗೆ ಕೆಲಸ ಬಿಟ್ಟರು.

ಇಲ್ಲಿಗೆ ಮುಗಿದಿದ್ದರೆ ಇದು ಒಬ್ಬ ಮನುಷ್ಯನ ಸೂಕ್ಷ್ಮ ತಿಳಿಯದ ದಡ್ಡತನದ ಕಥೆ. ಆದರೆ ಅದೇ ತಿಂಗಳಲ್ಲಿ ನಮ್ಮ ಅಸೋಸಿಯೇಷನ್ನಿನ ವಾರ್ಷಿಕ ಸಭೆ ಇತ್ತು. ಅಜೆಂಡಾದಲ್ಲಿ ಏಳನೇ ವಿಷಯ: ಸೆಕ್ಯೂರಿಟಿಯವರ ಸಂಬಳ ಜಾಸ್ತಿ ಮಾಡೋಕೆ ಪ್ರತಿ ಫ್ಲ್ಯಾಟಿಂದ ತಿಂಗಳಿಗೆ 150 ರೂಪಾಯಿ ಮೇಂಟೆನೆನ್ಸ್ ಏರಿಸೋದು. ಲೆಕ್ಕ ಮಾಡಿ. 96 ಫ್ಲ್ಯಾಟಿಗೆ 14,400. ಎಂಟು ಜನಕ್ಕೆ ಹಂಚಿದರೆ ತಲೆಗೆ 1,800. ಹದಿನೇಳು ಹದಿನೆಂಟು ತಿಂಗಳಲ್ಲಿ ಆ 31,000 ಅವರ ಸ್ವಂತ ಸಂಪಾದನೆಯಲ್ಲೇ ಆಗ್ತಿತ್ತು, ಯಾರ ಮಾರ್ಕ್ಸ್ ಕಾರ್ಡೂ ಯಾರ ಫೋನಿಗೂ ಹೋಗಬೇಕಿರಲಿಲ್ಲ. ವಿಷಯ ಬಿದ್ದುಹೋಯ್ತು. "ಏಜೆನ್ಸಿಯವರು ನೋಡ್ಕೋಬೇಕು", "ಒಂದ್ಸಲ ಏರಿಸಿದ್ರೆ ಇಳಿಸೋಕಾಗಲ್ಲ", "ಕಷ್ಟ ಬಂದಾಗ ನಾವು ಹೇಗೂ ಸಹಾಯ ಮಾಡ್ತೀವಲ್ಲ". ಕೊನೆಯದನ್ನ ಹೇಳಿದವರು ಉದಾಹರಣೆಯಾಗಿ ನನ್ನ ಮೆಸೇಜನ್ನೇ ಕೊಟ್ಟರು. ನಾನು ಆನ್‌ಲೈನಲ್ಲಿ ಸೇರಿದ್ದೆ. ವಿಡಿಯೋ ಆಫ್, ಮೈಕ್ ಮ್ಯೂಟ್. ಇನ್ನೊಂದು ಸ್ಕ್ರೀನಿನಲ್ಲಿ ಯಾರದೋ ಕೋಡ್ ರಿವ್ಯೂ ಮಾಡ್ತಿದ್ದೆ. ಅನ್‌ಮ್ಯೂಟ್ ಮಾಡಲಿಲ್ಲ.

ಪೀಟರ್ ಸಿಂಗರ್ ಅನ್ನೋ ತತ್ತ್ವಶಾಸ್ತ್ರಜ್ಞರು ಬಾಂಗ್ಲಾ ನಿರಾಶ್ರಿತರ ಕಾಲದಲ್ಲಿ ಬರೆದು, 1972ರಲ್ಲಿ ಪ್ರಕಟಿಸಿದ ಲೇಖನವೊಂದಿದೆ. ಕೊಳದಲ್ಲಿ ಮಗು ಮುಳುಗ್ತಿದೆ, ಎತ್ತಿದರೆ ನಿಮ್ಮ ಬಟ್ಟೆ ಕೊಳೆಯಾಗುತ್ತೆ, ಅಷ್ಟೆ. ಎತ್ತೋದು ಔದಾರ್ಯವಾ, ಕರ್ತವ್ಯವಾ? ನಾವು ಚಾರಿಟಿ ಅಂತ ಕರೆಯೋದರಲ್ಲಿ ಬಹುಪಾಲು ನಿಜಕ್ಕೂ ಕರ್ತವ್ಯ ಅಂತ ಅವರ ವಾದ. ಮೊದಲ ಸಲ ಓದಿದಾಗ ಒಪ್ಪಿದ್ದೆ, ಮರೆತಿದ್ದೆ. ಈಗ ಅನ್ನಿಸೋದು ಇಷ್ಟು: ಒಬ್ಬರಿಗೆ ನೀನು ಜೆನರಸ್ ಅಂದರೆ, ಕೊಡದೆ ಇದ್ದಿದ್ದರೂ ನಡೀತಿತ್ತು ಅಂತ ಅವರಿಗೆ ಹೇಳಿದ ಹಾಗೆ. 150 ರೂಪಾಯಿ ಸಂಬಳ ಅಂತ ಕೊಟ್ಟಿದ್ದರೆ ನಮ್ಮನ್ನ ಯಾರೂ ಜೆನರಸ್ ಅಂತಿರಲಿಲ್ಲ. ಬಹುಶಃ ಅದಕ್ಕೇ ಕೊಡಲಿಲ್ಲ.

ಇದನ್ನೆಲ್ಲ ಜೊತೆಗೆ ಕೆಲಸ ಮಾಡೋ ಗೆಳತಿಯೊಬ್ಬಳ ಹತ್ತಿರ ಹೇಳಿಕೊಂಡೆ, ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೊದಲ್ಲಿ ನಿಂತುಕೊಂಡು. ಅವಳು ಒಪ್ಪಲಿಲ್ಲ. "ಆ ಹುಡುಗಿ ಕಾಲೇಜಿಗೆ ಹೋಗ್ತಿದಾಳಾ ಇಲ್ವಾ? ಹೋಗ್ತಿದಾಳೆ. ನಿನಗೆ ಬೇಜಾರಾಗಿದೆ ಅನ್ನೋದು ನಿನ್ನ ಸಮಸ್ಯೆ. ಮರ್ಯಾದೆ ಉಳಿಸೋ ರೀತಿಯಲ್ಲಿ ಕೊಡೋದು ಹೇಗೆ ಅಂತ ಯೋಚನೆ ಮಾಡ್ತಾ ಕೂತಿದ್ರೆ ಅಡ್ಮಿಶನ್ ಡೇಟ್ ಮುಗಿದುಹೋಗ್ತಿತ್ತು" ಅಂದಳು. ಗರುಡಾಚಾರ್‌ಪಾಳ್ಯ ಬರೋವರೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಮಾತಿನಲ್ಲಿ ನಿಜ ಇದೆ. ನಮ್ಮೂರಿನ ಯಜಮಾನರ 15,000 ನನ್ನ ಬದುಕನ್ನ ತಿರುಗಿಸಿತು, ಅವರು ಟೀ ಅಂಗಡಿಯಲ್ಲಿ ಏನು ಹೇಳಿಕೊಂಡರೇನು? ಒರಟಾಗಿ ಕೊಟ್ಟ ದುಡ್ಡೂ ಫೀಸ್ ಕಟ್ಟುತ್ತೆ. ಆದರೆ ಅವಳಿಗೆ ನಾನು ಹೇಳಲಾಗದೆ ಹೋದದ್ದು ಇದು: ಆ ಅಣ್ಣ ನನಗೆ ದಾರಿ ತೋರಿಸಿಯೇ ಕೇಳಿದ್ದರು. ಹತ್ತು ಸಾವಿರ, ಸಾಲ, ತಿಂಗಳಿಗೆ ಸಾವಿರ. ನನ್ನ ಖಾತೆಯಲ್ಲಿ ಆವತ್ತು ಅಷ್ಟಿತ್ತು. ಉಳಿದ 21,000ಕ್ಕೆ ಅವರ ಹತ್ತಿರ ಬೇರೆ ಏರ್ಪಾಡು ಇತ್ತೋ ಏನೋ, ನಾನು ಕೇಳಲೇ ಇಲ್ಲ. ಟೈಮಿಲ್ಲ ಅಂತ ಅಲ್ಲ, ಸಾಲ ಕೊಡೋದು ನನಗೆ ಸಾಲದಾಗಿತ್ತು.

ಇನ್ನು ಉಳಿದ ದುಡ್ಡು. 43,500ರಲ್ಲಿ 31,000 ಹೋಗಿ 12,500 ನನ್ನ ಖಾತೆಯಲ್ಲೇ ಉಳೀತು. ಪುಸ್ತಕಕ್ಕೆ ಇಟ್ಕೊಳ್ಳಿ ಅಂದರೆ ಅಣ್ಣ ಬೇಡ ಅಂದರು. ಗ್ರೂಪಲ್ಲಿ ಕೇಳಿದೆ. ಒಬ್ಬರು ಆಗಸ್ಟ್ 15ಕ್ಕೆ ಸೆಕ್ಯೂರಿಟಿಯವರಿಗೆಲ್ಲ ಸ್ವೀಟ್ ಬಾಕ್ಸ್ ಕೊಡೋಣ ಅಂದರು, ಒಂಬತ್ತು ಜನ ಹೆಬ್ಬೆರಳು ಒತ್ತಿದರು, ಆಮೇಲೆ ಚರ್ಚೆ ಪಾರ್ಕಿಂಗ್ ಕಡೆ ಹೋಯ್ತು. ಆ ದುಡ್ಡು ಇನ್ನೂ ಹಾಗೇ ಇದೆ. ಇದರ ಬಡ್ಡಿ ಯಾರದ್ದು ಅಂತ ಒಮ್ಮೊಮ್ಮೆ ಯೋಚನೆ ಬರುತ್ತೆ.

ಮಗಳ ವರ್ಕ್‌ಶೀಟ್ ವಿಷಯ ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವಳ ಬ್ಯಾಗಿನಿಂದ ತೆಗೆದು ನೋಡಿದೆ. ಅರ್ಥದ ಜಾಗದಲ್ಲಿ 'ಜಾಸ್ತಿ ಕೊಡೋರು' ಅಂತ ಬರೆದಿದ್ದಳು. ಉದಾಹರಣೆಯನ್ನ ಅಳಿಸು ಅಂತ ಹೇಳೋಕೆ ಹೊರಟೆ. ಯಾಕೆ ಅಂತ ಕೇಳಿದರೆ ಏನು ಹೇಳಲಿ ಅಂತ ಗೊತ್ತಾಗದೆ ಸುಮ್ಮನಾದೆ. ಅದಕ್ಕೆ ಟೀಚರ್ ಸ್ಟಾರ್ ಹಾಕಿ ಕಳಿಸಿದ್ದಾರೆ.

ಆವತ್ತೇ ಮಧ್ಯಾಹ್ನ ಆ ಅಣ್ಣನಿಗೆ ಫೋನ್ ಮಾಡಿದೆ. ಎರಡು ವರ್ಷದಲ್ಲಿ ಮೊದಲ ಸಲ. ಹೊಸಕೋಟೆ ಕಡೆ ಒಂದು ಗೋಡೌನಿನಲ್ಲಿದ್ದಾರಂತೆ, ಹಗಲು ಶಿಫ್ಟು. ಮಗಳು ಸೆಕೆಂಡ್ ಪಿಯುಸಿ ಮುಗಿಸಿದಳಂತೆ. "ಚಲೋ ಓದಾಕತ್ತಾಳ್ರಿ ಸರ, ಬಿಎಸ್ಸಿ ಮಾಡ್ತೀನಿ ಅಂತಾಳ್ರಿ." ನನ್ನ ಮಗಳನ್ನ ವಿಚಾರಿಸಿದರು, ಈಗಲೂ ವ್ಯಾನ್ ಹತ್ತುವಾಗ ಅಳ್ತಾಳಾ ಅಂತ. ನಾನು ಕ್ಷಮೆ ಕೇಳಬೇಕು ಅಂತ ಅಂದುಕೊಂಡಿದ್ದೆ. ವಾಕ್ಯ ಜೋಡಿಸಿಕೊಂಡೂ ಇದ್ದೆ. ಅಷ್ಟರಲ್ಲಿ ಅವರೇ ಸ್ವಲ್ಪ ತಡೆದು, ಆವತ್ತು ಗೇಟಲ್ಲಿ ಕೇಳಿದ್ದರಲ್ಲ, ಅದೇ ಮೆಲುದನಿಯಲ್ಲಿ ಕೇಳಿದರು:

"ಸರ, ಆಕಿ ಮಾರ್ಕ್ಸ್ ಕಾರ್ಡಿನ ಫೋಟೋ ಗ್ರೂಪಿನ್ಯಾಗ ಇನ್ನಾ ಐತೇನ್ರಿ?"

ಇದೆ ಅಂದೆ.